ಮಡಕೆಯೊಳಗಿನ ಬಾಣಂತಿ

ನಮ್ಮ ಮನೆಯಲ್ಲೀಗ ಜೋರಾಗಿ ಸೀನುವಂತಿಲ್ಲ, ಮಿಕ್ಸಿ ಹಾಕುವಂತಿಲ್ಲ. ಚಟ್ನಿ ನನ್ನ ಕೈಯಿಂದಲೇ ಒರಳಲ್ಲಿ ಆಗಬೇಕು. ಕಾರಣ, ಪಂಜರದಲ್ಲಿ ಕಟ್ಟಿದ ಮಡಕೆಯೊಳಗೆ ಬಡ್ಜಿ ಗಿಳಿಯಮ್ಮನವರು ಕಾವು ಕೂತಿದ್ದಾರೆ. ಮೂಗಿನ ಮೇಲಿನ ತೊಗಲು ನೀಲಿಯಿದ್ದರೆ ಗಂಡು, ಕಂದು ಬಣ್ಣವಾದರೆ ಹೆಣ್ಣು. ಅಂಗಡಿಯವನು ಹೇಳಿಕೊಟ್ಟ ಈ ಜಾತಕ ನೋಡಿಯೇ ಜೋಡಿ ತಂದದ್ದು. ದಿನ ಬಿಟ್ಟು ದಿನ ಒಂದು ಮೊಟ್ಟೆ, ಒಂದೊಂದಕ್ಕೂ ಸುಮಾರು 18 ದಿನ ಕಾವು. ಅಲ್ಲಿಯವರೆಗೆ ಯಜಮಾನರು ಹೊರಗೆ ನವಣೆ ಮುಕ್ಕಿ, ಮಡಕೆಯ ಬಾಯಲ್ಲಿ ನಿಂತು, ಅದನ್ನೇ ಕಕ್ಕಿ ಹೆಂಡತಿಗೆ ಉಣಿಸುತ್ತಾರೆ.

"ನೋಡ್ರೀ, ನೋಡಿ ಕಲೀರಿ" ಎಂದಳು ನನ್ನವಳು. ಕಕ್ಕುವುದು ಬೇಡ, ಕಾಫಿ ಮಾಡಿಕೊಟ್ಟರೆ ಸಾಕು ಎಂಬ ತಿದ್ದುಪಡಿಯನ್ನೂ ಸೇರಿಸಿದಳು.

1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ ಆಸ್ಟ್ರೇಲಿಯಾದಿಂದ ಈ ಬಡ್ಜಿಗಳನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದ. ಆ ಪುಣ್ಯಾತ್ಮನ ದೆಸೆಯಿಂದ ನಾನಿಂದು ಬೆಳಗಾಗೆದ್ದು ನವಣೆಯ ಬಟ್ಟಲು ಹಿಡಿದು, ಅವು ಸುಲಿದು ಬಿಟ್ಟ ಹೊಟ್ಟು ಊದುತ್ತಿದ್ದೇನೆ. ಊದದಿದ್ದರೆ ಬಟ್ಟಲು ತುಂಬಿದಂತೆಯೇ ಕಾಣುತ್ತದೆ, ಒಳಗೆ ಕಾಳೇ ಇರುವುದಿಲ್ಲ. ಊದಿದ ಹೊಟ್ಟು ಬಾಲ್ಕನಿ ದಾಟಿ, ಕೆಳಮನೆಯ ಅಜ್ಜಿ ಒಣಹಾಕಿದ ಹಪ್ಪಳದ ಮೇಲೆ ನೆಮ್ಮದಿಯಾಗಿ ಕೂರುತ್ತದೆ. ಅಜ್ಜಿ ಬೈಯುವುದಿಲ್ಲ. "ಮರಿ ಯಾವಾಗಪ್ಪಾ? ನನ್ನ ಮೊಮ್ಮಗನಿಗೆ ನೀಲಿದೇ ಬೇಕಂತೆ" ಎಂದು ಬಣ್ಣದ ಸಮೇತ ಮುಂಗಡ ಬುಕ್ ಮಾಡಿಬಿಟ್ಟಿದ್ದಾರೆ.