ಫ್ಲೆಕ್ಸ್ ಮೀಮಾಂಸೆ: ಕಾರ್ಖಾನೆಯಲ್ಲಿ ಸುರಕ್ಷತಾ ಸಂಸ್ಕೃತಿಯ ಉತ್ಪತ್ತಿ, ಸ್ಥಿತಿ, ಲಯ

ಶಾಸ್ತ್ರಗ್ರಂಥಗಳು ‘ಅಥ’ ಎಂಬ ಶಬ್ದದಿಂದ ಶುರುವಾಗುತ್ತವೆ. ಸುರಕ್ಷತಾಶಾಸ್ತ್ರ ಮಾತ್ರ ಮಾರ್ಚ್ 4ರಿಂದ ಶುರುವಾಗುತ್ತದೆ. ರಾಷ್ಟ್ರೀಯ ಸುರಕ್ಷತಾ ಮಂಡಳಿ 1966ರಲ್ಲಿ ಸ್ಥಾಪನೆಯಾದ ದಿನ ಅದು. 1972ರಿಂದ ಅದನ್ನೇ ದೇಶದ ಕಾರ್ಖಾನೆಗಳು ಸುರಕ್ಷತಾ ದಿನವೆಂದು ಆಚರಿಸುತ್ತ ಬಂದಿವೆ. ಅಂದು ಬೆಂಗಳೂರಿನ ಪೀಣ್ಯದಲ್ಲಿ ಒಂದು ಸುತ್ತು ಹಾಕಿದವರಿಗೆ ಈ ಶಾಸ್ತ್ರದ ಆದಿ, ಮಧ್ಯ, ಅಂತ್ಯಗಳೆಲ್ಲ ಎಂಟಡಿ ನಾಲ್ಕಡಿ ಫ್ಲೆಕ್ಸಿನಲ್ಲೇ ಅಡಗಿವೆಯೆಂಬುದು ಗೇಟಿನ ಹತ್ತಿರವೇ ಮನದಟ್ಟಾಗುತ್ತದೆ. ಪ್ರಸ್ತುತ ಲೇಖಕನು ಅಲ್ಲಿನ ಒಂದು ಪ್ರೆಸ್ ಶಾಪಿನಲ್ಲಿ ಲೆಕ್ಕ ಬರೆಯುತ್ತ ಕಳೆದ ಹನ್ನೊಂದು ವರ್ಷಗಳನ್ನು ಕ್ಷೇತ್ರಕಾರ್ಯವೆಂದು ತಾನೇ ಘೋಷಿಸಿಕೊಂಡು ಈ ಪ್ರಬಂಧವನ್ನು ವಿದ್ವಾಂಸರ ಮುಂದಿಡುತ್ತಿದ್ದಾನೆ. ಮಾರ್ಗದರ್ಶಕರು ಇರಲಿಲ್ಲ. ಟೀ ಇತ್ತು.

ಮೊದಲು ಶಬ್ದವಿಚಾರ. ಎಚ್‌ಆರ್ ವಿಭಾಗವು ‘ವಿಷನ್’ ಎಂಬುದನ್ನು ‘ದೂರದೃಷ್ಟಿ’ ಎಂದು ಕನ್ನಡಿಸಿದೆ. ಕರಾರುವಾಕ್ಕಾದ ಅನುವಾದ. ಕಣ್ಣಿನ ಡಾಕ್ಟರನ್ನು ಕೇಳಿ ನೋಡಿ, ದೂರದೃಷ್ಟಿ ಒಂದು ದೋಷ: ದೂರದ್ದು ನಿಚ್ಚಳ, ಹತ್ತಿರದ್ದು ಮಸುಕು. ಗೋಡೆಯ ಮೇಲಿನ ‘2030ಕ್ಕೆ ಶೂನ್ಯ ಅಪಘಾತ’ ಕಾಣುವವರಿಗೆ ಅದೇ ಗೋಡೆಯ ಬುಡದಲ್ಲಿ ಸೋರಿ ನಿಂತ ಹೈಡ್ರಾಲಿಕ್ ಆಯಿಲ್ ಕಾಣದಿರುವುದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ. ಇನ್ನು ‘ಇಂಟರ್ನಲ್ ಬ್ರ್ಯಾಂಡಿಂಗ್’. ಬ್ರ್ಯಾಂಡ್ ಎಂದರೆ ಮೂಲದಲ್ಲಿ ಕಾದ ಕಬ್ಬಿಣದಿಂದ ದನದ ಮೈಮೇಲೆ ಒತ್ತುತ್ತಿದ್ದ ಗುರುತು. ನಮ್ಮಲ್ಲಿ ಅದಕ್ಕೆ ಬರೆ ಅನ್ನುತ್ತೇವೆ. ಗೋಡೆಯ ಮೇಲೆ ಅಕ್ಷರ ಬರೆಯುವುದಕ್ಕೂ ಮೈಮೇಲೆ ಬರೆ ಎಳೆಯುವುದಕ್ಕೂ ಒಂದೇ ಶಬ್ದ ಸಾಕೆಂದು ಕನ್ನಡಕ್ಕೆ ಎಚ್‌ಆರ್ ವಿಭಾಗಗಳು ಹುಟ್ಟುವ ಮೊದಲೇ ಹೇಗೆ ಹೊಳೆಯಿತೋ ಭಾಷಾವಿಜ್ಞಾನಿಗಳು ಹೇಳಬೇಕು.

‘ಸುರಕ್ಷತಾ ಸಂಸ್ಕೃತಿ’ ಎಂಬ ಜೋಡುಪದದ ಜನ್ಮವೃತ್ತಾಂತ ಇಷ್ಟು ಹಗುರವಲ್ಲ. 1986ರ ಏಪ್ರಿಲಿನಲ್ಲಿ ಚೆರ್ನೋಬಿಲ್ ರಿಯಾಕ್ಟರ್ ಸಿಡಿಯಿತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಜ್ಞರ ತಂಡ ಅದೇ ವರ್ಷದ ವರದಿಯಲ್ಲಿ ಬಳಸಿದ ಮೇಲೆ ಈ ಪದ ಚಾಲ್ತಿಗೆ ಬಂತು. ಮೇಲಿನ ಕುರ್ಚಿಯವರಿಂದ ಹಿಡಿದು ಕೆಳಗಿನವರವರೆಗೆ ಎಲ್ಲರೂ ಸುರಕ್ಷತೆಯನ್ನು ಉಳಿದೆಲ್ಲದಕ್ಕಿಂತ ಮುಂದಿಡುವ ನಡವಳಿಕೆ ಎಂಬುದು ಅವರ ಭಾವ. ಪದವು ಸಮುದ್ರ ದಾಟಿ ಪೀಣ್ಯಕ್ಕೆ ಬರುವಷ್ಟರಲ್ಲಿ ನಡವಳಿಕೆ ದಾರಿಯಲ್ಲಿ ಉದುರಿತು, ಸಂಸ್ಕೃತಿ ಉಳಿಯಿತು: ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ ಭಾಷಣ, ವಂದನಾರ್ಪಣೆ.

ಇದಕ್ಕೂ ಹಳೆಯ ಸಂಪ್ರದಾಯವೊಂದು ನಮ್ಮಲ್ಲಿ ಇದ್ದೇ ಇದೆ, ಅದು ಆಯುಧಪೂಜೆ. ಪ್ರೆಸ್ಸಿಗೆ ಅರಿಸಿನ ಕುಂಕುಮ, ಚೆಂಡುಹೂವಿನ ಹಾರ, ಎದುರಿಗೆ ಒಡೆದ ಬೂದುಗುಂಬಳ, ಎಲ್ಲರ ಕೈಗೂ ಕಡಲೆಪುರಿ ಪೊಟ್ಟಣ. ಆ ದಿನ ಕಾರ್ಖಾನೆಯಲ್ಲಿ ಒಬ್ಬನ ಉಗುರೂ ಮುಕ್ಕಾಗಿದ್ದು ಈ ಲೇಖಕನ ನೆನಪಿನಲ್ಲಿ ಇಲ್ಲ. ಆಧುನಿಕ ಸಂಶೋಧಕರು ಇದನ್ನು ನಂಬಿಕೆಯ ಬಲವೆನ್ನುತ್ತಾರೆ. ಅಂದು ಮಿಷನ್ ನಿಲ್ಲಿಸಿರುತ್ತಾರೆ ಎಂಬುದನ್ನೂ ಗಮನಿಸಬೇಕು.

1948ರ ಕಾರ್ಖಾನೆ ಕಾಯ್ದೆ ಬರೆದವರಿಗೆ ಬ್ರ್ಯಾಂಡಿಂಗಿನ ಗಂಧವಿರಲಿಲ್ಲ. ಯಂತ್ರದ ಅಪಾಯಕಾರಿ ಭಾಗಗಳಿಗೆ ಗಟ್ಟಿಮುಟ್ಟಾದ ಬೇಲಿ ಹಾಕಬೇಕು, ಯಂತ್ರ ಓಡುವಷ್ಟು ಹೊತ್ತೂ ಬೇಲಿ ಅದರ ಜಾಗದಲ್ಲೇ ಇರಬೇಕು ಎಂದು 21ನೇ ಕಲಮಿನಲ್ಲಿ ಒರಟಾಗಿ ಹೇಳಿ ಮುಗಿಸಿದ್ದಾರೆ. ಪ್ರಾಸವಿಲ್ಲ, ಹೆಬ್ಬೆರಳೆತ್ತಿ ನಗುವ ಹೆಲ್ಮೆಟ್ ಬೊಂಬೆಯಿಲ್ಲ. ಪವರ್ ಪ್ರೆಸ್ ಮಾಡಿದವರದೂ ಇದೇ ರಸಹೀನ ಬುದ್ಧಿ. ದೂರ ದೂರ ಎರಡು ಬಟನ್ ಇಟ್ಟು, ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ರ‍್ಯಾಮ್ ಇಳಿಯುವಂತೆ ಮಾಡಿದರು. ಎರಡೂ ಕೈ ಬಟನ್ ಮೇಲಿದ್ದರೆ ಡೈ ಒಳಗೆ ಹೋಗಲು ಮೂರನೆಯ ಕೈ ಇರುವುದಿಲ್ಲವಲ್ಲ! ಆದರೆ ಶಿಫ್ಟಿನ ಕೊನೆಗೆ ಸೂಪರ್‌ವೈಸರ್ ಪೀಸ್ ಎಣಿಸಿ, ‘ಇನ್ನೂರು ಕಮ್ಮಿ ಬಿದ್ದೈತೆ’ ಅನ್ನುತ್ತಾನೆ. ಮಾರನೆಯ ದಿನ ಒಂದು ಬಟನ್ನಿಗೆ ಬೆಣೆ ಬಿದ್ದಿರುತ್ತದೆ. ಗಾರ್ಡ್ ಬಿಚ್ಚಿ ಮೂಲೆಗೆ ಒರಗಿಸಿರುತ್ತಾರೆ. ಬೆಣೆ ಹೊಡೆದವರು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಟಾರ್ಗೆಟ್ ಏರಿಸಿದವರ ಹೆಸರು ನೋಟಿಸ್ ಬೋರ್ಡಿನಲ್ಲೇ ಸಹಿಸಮೇತ ಇರುತ್ತದೆ.

ಈಗ ಶಾಸ್ತ್ರದ ಗರ್ಭಗುಡಿಗೆ ಬರೋಣ. ‘ಅಪಘಾತವಿಲ್ಲದ ದಿನಗಳು’ ಎಂಬ ಹಸಿರು ಬೋರ್ಡು, ಅದರ ಕೆಳಗೆ ಮೂರು ಅಂಕಿಗಳ ಜಾಗ. ದಿನಾ ಬೆಳಿಗ್ಗೆ ಅಂಕಿ ಬದಲಿಸುವ ಪೌರೋಹಿತ್ಯ ಈ ಲೇಖಕನದು. 365 ತುಂಬಿದರೆ ಎಲ್ಲರಿಗೂ ಐದು ಲೀಟರ್ ಕುಕ್ಕರ್ ಎಂದು ಮ್ಯಾನೇಜ್‌ಮೆಂಟ್ ಸಾರಿದ ಮೇಲೆ ಬೋರ್ಡಿಗೆ ಅಪಾರ ಶಕ್ತಿ ಬಂತು. ಕೆಲಸಗಾರ ನಲವತ್ತೆಂಟು ಗಂಟೆ ಅಥವಾ ಅದಕ್ಕೂ ಹೆಚ್ಚು ಕೆಲಸ ಮಾಡಲಾಗದ ಗಾಯವಾದರೆ ಇನ್‌ಸ್ಪೆಕ್ಟರಿಗೆ ತಿಳಿಸಬೇಕು ಎಂಬುದು ಅದೇ ಹಳೆಯ ಕಾಯ್ದೆಯ ಮಾತಾಗಿತ್ತು. ಮೀಮಾಂಸಕರು ಇದನ್ನು ತಿರುವಿ ಹಾಕಿದರು: ನಲವತ್ತೆಂಟು ಗಂಟೆಯೊಳಗೆ ಮನುಷ್ಯ ಹಾಜರಾದರೆ ಗಾಯವೇ ಆಗಿಲ್ಲ. ಕಾಂಟ್ರ್ಯಾಕ್ಟ್ ಹುಡುಗನೊಬ್ಬನ ತೋರುಬೆರಳಿನ ತುದಿ ಹೋದಾಗ ಅವನನ್ನು ಆಟೋದಲ್ಲಿ ಕರೆದೊಯ್ದು ಹೊಲಿಗೆ ಹಾಕಿಸಿ, ಮಾರನೆಯ ದಿನ ಸ್ಟೋರ್ಸಿನಲ್ಲಿ ಕೂರಿಸಿ ಹಾಜರಿ ಹಾಕಲಾಯಿತು. ಅವನು ಮನೆಯಲ್ಲಿ ಮಲಗಿರುತ್ತೇನೆ ಅಂದಿದ್ದ. ಬೇಡವೆಂದವರು ಮ್ಯಾನೇಜ್‌ಮೆಂಟಿನವರಲ್ಲ. ಜೊತೆಯವರೇ ಅವನ ರೂಮಿಗೆ ಹೋಗಿ, ‘ಕುಕ್ಕರ್ ಹೋಗ್ಬಿಡುತ್ತೆ ಕಣೋ, ಬಂದು ಸುಮ್ನೆ ಕೂತ್ಕೋ’ ಎಂದು ಕೈಹಿಡಿದರು. ಯಾವ ಕೈ ಎಂದು ಕೇಳಬೇಡಿ. ಸಂಸ್ಕೃತಿ ಬೇರೂರಿದೆ ಎನ್ನಲು ಇದಕ್ಕಿಂತ ದೊಡ್ಡ ಪ್ರಮಾಣ ಬೇಕೆ? ನಾನು ಎಂದಿನಂತೆ ಅಂಕಿ ಬದಲಿಸಿದೆ.

ಇದು ಪೀಣ್ಯಕ್ಕಷ್ಟೇ ಸೀಮಿತವಾದ ದರ್ಶನವೆಂದು ಯಾರೂ ಮೂಗು ಮುರಿಯಬಾರದು. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ‘ಡೀಪ್‌ವಾಟರ್ ಹೊರೈಜನ್’ ಎಂಬ ತೈಲಬಾವಿ ಕೊರೆಯುವ ನೌಕೆಗೆ ಬಿಪಿ ಮತ್ತು ಟ್ರಾನ್ಸ್‌ಓಷನ್ ಕಂಪನಿಗಳ ದೊಡ್ಡವರು ಬಂದಿಳಿದಿದ್ದರು. ಕೆಲಸ ತಪ್ಪುವಂಥ ಗಾಯ ಒಂದೂ ಆಗದೆ ಏಳು ವರ್ಷ ಕಳೆದದ್ದಕ್ಕೆ ಅಲ್ಲಿಯವರನ್ನು ಅಭಿನಂದಿಸುವುದೂ ಭೇಟಿಯ ಒಂದು ಉದ್ದೇಶ. ಆ ರಾತ್ರಿಯೇ ಬಾವಿ ಸಿಡಿದು ಹನ್ನೊಂದು ಮಂದಿ ಸತ್ತರು. ಏಳು ವರ್ಷ ಅವರು ಎಣಿಸಿದ್ದು ಜಾರಿ ಬಿದ್ದವರನ್ನು, ಬೆರಳು ಕೊಯ್ದುಕೊಂಡವರನ್ನು. ಬಾವಿಯ ಒಳಗಿನ ಒತ್ತಡ ಆ ಬೋರ್ಡಿನ ವ್ಯಾಪ್ತಿಗೆ ಬರುತ್ತಿರಲಿಲ್ಲ. ಮರುವರ್ಷ ಟ್ರಾನ್ಸ್‌ಓಷನ್ ತನ್ನ ಷೇರುದಾರರಿಗೆ, 2010 ಸುರಕ್ಷತೆಯ ಅಂಕಿಗಳಲ್ಲಿ ಕಂಪನಿಯ ಚರಿತ್ರೆಯಲ್ಲೇ ಅತ್ಯುತ್ತಮ ವರ್ಷವೆಂದು ತಿಳಿಸಿ ಅಧಿಕಾರಿಗಳಿಗೆ ಬೋನಸ್ಸನ್ನೂ ಕೊಟ್ಟಿತು. ಊರೆಲ್ಲ ಉಗಿದ ಮೇಲೆ ಅವರು ಆ ಹಣವನ್ನು ಸತ್ತವರ ಕುಟುಂಬಗಳ ನಿಧಿಗೆ ಬಿಟ್ಟುಕೊಟ್ಟರು. ಅಣಕು ಪ್ರಬಂಧ ಬರೆಯುವವನ ಅನ್ನಕ್ಕೆ ಕಲ್ಲು ಹಾಕುವುದೆಂದರೆ ಇದೇ. ಇದರ ಮುಂದೆ ನಾನು ಏನನ್ನು ಉತ್ಪ್ರೇಕ್ಷಿಸಲಿ?

ಪೂರ್ವಪಕ್ಷವಿಲ್ಲದೆ ಶಾಸ್ತ್ರ ಪೂರ್ಣವಾಗದು. ಜಪಾನಿನ ಕಾರ್ಖಾನೆಗಳಿಗೆ ಗುಣಮಟ್ಟದ ಪಾಠ ಹೇಳಿದ ಅಮೆರಿಕದ ಡಬ್ಲ್ಯೂ. ಎಡ್ವರ್ಡ್ಸ್ ಡೆಮಿಂಗ್ ತನ್ನ ಹದಿನಾಲ್ಕು ಸೂತ್ರಗಳ ಹತ್ತನೆಯದರಲ್ಲಿ, ಕೆಲಸಗಾರರಿಗೆ ಶೂನ್ಯ ದೋಷ ಬೇಕೆನ್ನುವ ಘೋಷಣೆ, ಉಪದೇಶಗಳನ್ನೆಲ್ಲ ಕಿತ್ತುಹಾಕಿ ಎಂದ. ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದು ವ್ಯವಸ್ಥೆಯಿಂದ, ಅದನ್ನು ಸರಿಮಾಡುವುದು ಕೆಲಸಗಾರನ ಕೈಲಿಲ್ಲ ಎಂಬುದು ಅವನ ವಾದ. ನಮ್ಮಲ್ಲಿ ಇದೇ ಪಕ್ಷವನ್ನು ಮಂಡಿಸಿದವನು ಶಿರಾ ಕಡೆಯ ಹಿರಿಯ ಆಪರೇಟರ್. ಹುಡುಗರಿಗೆಲ್ಲ ಅವನು ಅಣ್ಣ. ಬಲಗೈಯಲ್ಲಿ ಮೂರೇ ಬೆರಳು. ಸ್ಲೋಗನ್ ಸ್ಪರ್ಧೆಗೆ ಎಲ್ಲರೂ ಬರೆಯಲೇಬೇಕೆಂದಾಗ ಅವನು ಚೀಟಿಯಲ್ಲಿ ‘ಗಾರ್ಡ್ ಹಾಕ್ಸಿ ಸಾರ್’ ಎಂದಷ್ಟೇ ಬರೆದುಕೊಟ್ಟ. ತೀರ್ಪುಗಾರರು ಪ್ರಾಸವಿಲ್ಲವೆಂದು ತಿರಸ್ಕರಿಸಿದರು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ತಿದ್ದಿ ‘ಕೈ ಹುಷಾರಾದರೆ ಬಾಯಿ ಮೊಸರು’ ಎಂದು ಬರೆದ ಅಕೌಂಟ್ಸ್ ವಿಭಾಗಕ್ಕೆ ಮೊದಲ ಬಹುಮಾನ ಬಂತು. ಸಂಕೋಚದಿಂದ ಹೇಳುತ್ತೇನೆ, ಬರೆದವನು ನಾನೇ.

ಸಿದ್ಧಾಂತ: ಗಾರ್ಡ್ ಹಾಕಿದರೆ ಫೋಟೋದಲ್ಲಿ ಕಾಣುವುದಿಲ್ಲ, ಫ್ಲೆಕ್ಸ್ ಕಾಣುತ್ತದೆ. ಆದ್ದರಿಂದ ಫ್ಲೆಕ್ಸೇ ಪ್ರಮಾಣ.

ಈ ವರ್ಷದ ಮಾರ್ಚ್ 4ರಂದು ಗಾಳಿ ಜೋರಾಗಿತ್ತು. ನನ್ನ ಸಾಲು ಹೊತ್ತ ಫ್ಲೆಕ್ಸ್ ಎರಡು ಸಲ ಮಗುಚಿತು. ಹುಡುಗರು ಸ್ಕ್ರ್ಯಾಪ್ ರಾಶಿಯಿಂದ ಒಂದು ಕಬ್ಬಿಣದ ಜಾಲರಿ ಎಳೆದು ತಂದು ಹಿಂದಕ್ಕೆ ನಿಲ್ಲಿಸಿ ಬೈಂಡಿಂಗ್ ವೈರಿನಿಂದ ಬಿಗಿದರು. ಎಲ್ಲರೂ ಕೈ ಮುಂದೆ ಚಾಚಿ ಪ್ರತಿಜ್ಞೆ ಶುರುಮಾಡಿದರು. ಅಣ್ಣ ಎಡಗೈ ಚಾಚಿದ್ದ. ‘ಬಲಗೈ, ಬಲಗೈ’ ಎಂದರು ಎಚ್‌ಆರ್ ಮೇಡಂ ಮೈಕಿನಲ್ಲಿ. ಬಲಗೈ ಚಾಚಿದ. ಫೋಟೋದವನು ಒಂದು ಕ್ಷಣ ನೋಡಿ ಅವನನ್ನು ಹಿಂದಿನ ಸಾಲಿಗೆ ಕಳಿಸಿದ. ಹೋಗುತ್ತ ಅಣ್ಣ ಜಾಲರಿಯ ಹತ್ತಿರ ನಿಂತ, ಅದರ ಅಂಚಿನ ಹಳದಿ ನಂಬರನ್ನು ಬೆರಳಿಂದ ಉಜ್ಜಿ ನೋಡಿದ.

‘ಮೂರನೇ ಪ್ರೆಸ್ಸಿನ ಗಾರ್ಡು ಸಾರ್,’ ಅಂದ ನನ್ನ ಕಡೆ ತಿರುಗಿ. ‘ಇಲ್ಲೈತೆ ನೋಡಿ.’

ಗಡಿಬಿಡಿಯಲ್ಲಿ ಅವತ್ತಿನ ಅಂಕಿ ಬದಲಿಸಿರಲಿಲ್ಲ. ಹೋಗಿ 341 ಮಾಡಿದೆ.