ಸೆನ್ಸರಣ್ಣ

ಗೂಡ್ಸ್ ಗಾಡಿಗಳ ಸ್ಟ್ಯಾಂಡ್ ಇರುವ ಊರಲ್ಲೆಲ್ಲ ಒಬ್ಬ ಸೆನ್ಸರಣ್ಣ ಇರುತ್ತಾನೆ. ಆಧಾರ್ ಕಾರ್ಡಿನಲ್ಲಿ ಬೇರೆ ಹೆಸರಿದ್ದೀತು. ಆ ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುವುದಿಲ್ಲ. ಅವನನ್ನು ಮೆಕ್ಯಾನಿಕ್ ಎನ್ನುವಂತಿಲ್ಲ. ಮೆಕ್ಯಾನಿಕ್ಕಿಗೆ ಒಂದು ಶೆಡ್ಡು, ಒಂದು ಬಿಲ್ ಪುಸ್ತಕ, ಅಮಾವಾಸ್ಯೆಗೊಂದು ರಜೆ ಇರುತ್ತದೆ. ಇವನು ಒಂದು ಕಾಲಕ್ಕೆ ಡ್ರೈವರ್ ಆಗಿದ್ದವನು, ಈಗ ಸ್ವಂತ ಪಿಕಪ್ಪನ್ನು ಅಳಿಯನ ಕೈಗೆ ಕೊಟ್ಟು ಉಳಿದ ಆಯಸ್ಸನ್ನು ಪರರ ಬಾನೆಟ್ಟಿಗೆ ಮುಡಿಪಿಟ್ಟಿದ್ದಾನೆ. ಎಲ್ಲಿ ಬಾನೆಟ್ ಎದ್ದರೂ ಮೊದಲು ಅವನ ತಲೆ ಒಳಗೆ ಹೋಗುತ್ತದೆ, ಆಮೇಲೆ ‘ಏನಾಯ್ತೋ?’ ಎಂಬ ಪ್ರಶ್ನೆ ಹೊರಗೆ ಬರುತ್ತದೆ. ಉತ್ತರಕ್ಕೆ ಕಾಯುವ ಪದ್ಧತಿ ಇಲ್ಲ. ‘ಸೆನ್ಸರ್ ಪ್ರಾಬ್ಲಂ ಕಣೋ ಇದು.’

ನಾನು ಕಂಡ ಸೆನ್ಸರಣ್ಣ ಸಕಲೇಶಪುರದವನು. ಅವನ ವಿದ್ಯೆಯೆಲ್ಲ ಮೈಕೋ ಪಂಪಿನ ಕಾಲದ್ದು. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಬೇರುಬಿಟ್ಟ ಆ ಕಂಪನಿಯ ಪಂಪು ಲಾರಿಗಳಿಗೆ ಡೀಸೆಲ್ ಕುಡಿಸುತ್ತಿದ್ದ ದಿನಗಳಲ್ಲಿ ಎಂಜಿನ್ನಿಗೆ ಹೊಟ್ಟೆಯಿತ್ತು, ತಲೆಯಿರಲಿಲ್ಲ. ಡೀಸೆಲ್ ಪೈಪಿನಲ್ಲಿ ಏರ್ ಹಿಡಿಯಿತೋ, ನಟ್ ಸಡಿಲಿಸಿ, ಹ್ಯಾಂಡ್ ಪಂಪ್ ಒತ್ತಿ, ನೊರೆ ಹೋಗಿ ಬರೀ ಡೀಸೆಲ್ ಬರುವ ತನಕ ಕಾದರೆ ಮುಗಿಯಿತು. ಇದನ್ನು ಸೆನ್ಸರಣ್ಣ ಘಾಟಿಯ ಮಳೆಯಲ್ಲಿ, ಬೀಡಿ ಕಚ್ಚಿಕೊಂಡೇ ಮಾಡಿ ಮುಗಿಸಿದವನು. 2017ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಬಿಎಸ್-4, 2020ರ ಏಪ್ರಿಲ್‌ನಲ್ಲಿ ಬಿಎಸ್-6 ಎಂಬ ಹೊಗೆ ನಿಯಮಗಳು ಬಂದು, ಪುಟ್ಟ ಪಿಕಪ್ಪಿಗೂ ಇಸಿಯು ಎಂಬ ತಲೆ, ಅದಕ್ಕೆ ಚಾಡಿ ಹೇಳಲು ಹತ್ತಾರು ಸೆನ್ಸರ್ ಸೇರಿಕೊಂಡ ಮೇಲೆ ಅವನ ವಿದ್ಯೆಗೆ ಕೆಲಸ ಕಡಿಮೆಯಾಯಿತು. ಬೇರೆಯವರಾಗಿದ್ದರೆ ಬೇಸರಪಟ್ಟು ಎಲೆಯಡಿಕೆ ಅಂಗಡಿ ಹಾಕುತ್ತಿದ್ದರು. ಇವನು ಹೊಸ ಮಾತು ಕಲಿತ.

ಕಲಿಸಿದ್ದು ಯೂಟ್ಯೂಬು. ಅಮೆರಿಕದವರ ಆನೆಗಾತ್ರದ ಪಿಕಪ್ಪುಗಳನ್ನು ಬಿಚ್ಚುವ ವಿಡಿಯೋಗಳನ್ನು ಸದ್ದು ಮುಚ್ಚಿ ನೋಡುತ್ತಾನೆ. ಇಂಗ್ಲಿಷ್ ಅಡ್ಡ ಬರಬಾರದು ಎಂದು. ಅಲ್ಲಿ ಅವನ ಕಣ್ಣಿಗೆ ಬಿದ್ದದ್ದು ಫೋರ್ಡಿನ 6.0 ಲೀಟರ್ ಪವರ್‌ಸ್ಟ್ರೋಕ್. 2003ರ ಮೊದಮೊದಲ ಎಂಜಿನ್ನುಗಳಲ್ಲಿ ಇಂಜೆಕ್ಷನ್ ಒತ್ತಡ ಅಳೆಯುವ ಸೆನ್ಸರ್ ಹಿಂಬದಿಯಲ್ಲಿ, ಟರ್ಬೊ ಕೆಳಗೆ, ಕೈ ತೂರದ ಜಾಗದಲ್ಲಿತ್ತು. ಮುಂದಿನ ಮಾದರಿಗಳಲ್ಲಿ ಕಂಪನಿಯೇ ಅದನ್ನು ಬಲಬದಿಯ ವಾಲ್ವ್ ಕವರ್ ಮೇಲಕ್ಕೆ ತಂದಿತು. ಇಷ್ಟು ನೋಡಿದ್ದೇ ಸೆನ್ಸರಣ್ಣನಿಗೆ ಜ್ಞಾನೋದಯವಾಯಿತು: ಸೆನ್ಸರ್ ಕೆಟ್ಟರೆ ಬದಲಿಸಬೇಕಾದದ್ದು ಜಾಗವನ್ನು! ಕಂಪನಿ ಜಾಗ ಬದಲಿಸುವಾಗ ಎಣ್ಣೆಯ ದಾರಿ, ವೈರಿಂಗ್ ಎಲ್ಲವನ್ನೂ ಜೊತೆಗೇ ಬದಲಿಸಿತ್ತು ಎಂಬುದು ವಿಡಿಯೋದ ಸದ್ದಿನೊಳಗೆ ಉಳಿದುಹೋಯಿತು.

ಬಲಿ ಸಿಕ್ಕಿದ್ದು ಮೀನಿನ ಗಾಡಿಯ ಹುಡುಗ. ಅವನ ಪಿಕಪ್ಪಿನ ಬೂಸ್ಟ್ ಸೆನ್ಸರ್ ಪದೇ ಪದೇ ಕಾರ್ಬನ್ ಹಿಡಿಯುತ್ತಿತ್ತು. ಟರ್ಬೊ ತಳ್ಳುವ ಗಾಳಿ ಎಷ್ಟು ಒತ್ತಡದಲ್ಲಿದೆ ಎಂದು ಮ್ಯಾನಿಫೋಲ್ಡಿನಲ್ಲಿ ಕೂತು ಅಳೆಯುವ ಸೆನ್ಸರ್ ಅದು. ಎಂಜಿನ್ ಬಿಟ್ಟ ಹೊಗೆಯಲ್ಲಿ ಒಂದು ಪಾಲನ್ನು ಇಜಿಆರ್ ಮತ್ತೆ ಒಳಗೇ ಕಳಿಸುವುದರಿಂದ, ಎಣ್ಣೆಯ ಆವಿಗೆ ಆ ಮಸಿ ಸೇರಿ ಅಲ್ಲೆಲ್ಲ ಡಾಂಬರು ಬಳಿದಂತಾಗುತ್ತದೆ. ಆಗಾಗ ಬಿಚ್ಚಿ ಕ್ಲೀನರ್ ಹೊಡೆದು ಒರೆಸಿದರೆ ಸಾಕಿತ್ತು.

‘ಎಷ್ಟು ಸಲ ಅಂತ ತೊಳಿತೀಯೋ? ಅಮೆರಿಕದಲ್ಲಿ ಜಾಗಾನೇ ಚೇಂಜ್ ಮಾಡ್ತಾರೆ’ ಎಂದ ಸೆನ್ಸರಣ್ಣ ಲೇತ್ ಅಂಗಡಿಯಲ್ಲಿ ಒಂದು ಹಿತ್ತಾಳೆ ನಿಪ್ಪಲ್ ಮಾಡಿಸಿದ. ಅದನ್ನು ಮ್ಯಾನಿಫೋಲ್ಡಿನ ತೂತಿಗೆ ಕೂರಿಸಿ, ಮೊಳದುದ್ದದ ರಬ್ಬರ್ ಪೈಪ್ ಎಳೆದು, ಸೆನ್ಸರನ್ನು ಕ್ಯಾಬಿನ್ನಿಗೂ ಎಂಜಿನ್ನಿಗೂ ನಡುವಿನ ತಗಡಿಗೆ ಸ್ಕ್ರೂ ಹೊಡೆದ. ವೈರ್ ಸಾಲದ ಕಡೆ ಹುರಿಹಾಕಿ ಟೇಪ್ ಸುತ್ತಿದ. ಹಣ ಕೇಳಲಿಲ್ಲ. ಅವನು ಎಂದೂ ಕೇಳುವುದಿಲ್ಲ, ಬೈಯಲು ಬಾಯಿ ಬರದಿರುವುದು ಅದಕ್ಕೇ.

ಹುಡುಗ ಮಂಗಳೂರಿನ ಧಕ್ಕೆಯಲ್ಲಿ ಬೂತಾಯಿ, ಬಂಗುಡೆ ತುಂಬಿಕೊಂಡು ಹೊರಟ. ಗುಂಡ್ಯ ದಾಟಿ ಶಿರಾಡಿ ಘಾಟಿ ಏರತೊಡಗಿದ್ದೇ ಹಳದಿ ದೀಪ ಹತ್ತಿತು, ಗಾಡಿ ಎರಡನೇ ಗೇರಿಗೆ ಇಳಿಯಿತು. ಕೀ ತೆಗೆದು ಹಾಕಿದರೆ ಸ್ವಲ್ಪ ದೂರ ಸರಿ, ಮತ್ತೆ ಅದೇ ರಾಗ. ಸಕಲೇಶಪುರ ಮುಟ್ಟುವಷ್ಟರಲ್ಲಿ ಐಸ್ ನೀರಾಗಿ ಸ್ಟ್ಯಾಂಡಿನ ನಾಯಿಗಳೆಲ್ಲ ಮೆರವಣಿಗೆಯಲ್ಲಿ ಹಿಂದೆ ಬಂದಿದ್ದವು.

ಹಾಸನದಿಂದ ಬಂದಿದ್ದ ಐಟಿಐ ಹುಡುಗನೊಬ್ಬ ಸ್ಕ್ಯಾನರ್ ಸಿಕ್ಕಿಸಿದ. ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ ಬೂಸ್ಟ್ ಒತ್ತಡ ಓದಿದ: 90 ಕಿಲೋಪ್ಯಾಸ್ಕಲ್ ಆಸುಪಾಸು.

‘ನೂರಿರ್ಬೇಕು ಕಣೋ ಅಲ್ಲಿ! ಇನ್ನ್ ಹತ್ತು ಎಲ್ಲೋಯ್ತು? ಸೆನ್ಸರ್ ಡೆಡ್!’ ಸೆನ್ಸರಣ್ಣ ಸುತ್ತಲಿದ್ದವರ ಮುಖ ನೋಡಿದ.

‘ಎಂಜಿನ್ ಆಫ್ ಇದ್ರೆ ಅದು ಊರಿನ ಗಾಳಿ ತೂಕ ತೋರಿಸ್ಬೇಕು ಅಣ್ಣ. ಮಂಗಳೂರಲ್ಲಿ ನೂರಾ ಒಂದು. ಇಲ್ಲಿ ಒಂಬೈನೂರು ಮೀಟರ್ ಮೇಲಿದ್ದೀವಲ್ಲ, ತೊಂಬತ್ತೇ ಸರಿ.’

ತನ್ನೂರಿನ ಗಾಳಿಯೇ ಹಗುರ ಎಂಬ ಮಾತು ಸೆನ್ಸರಣ್ಣನಿಗೆ ಹಿಡಿಸಲಿಲ್ಲ. ಆದರೆ ಹುಡುಗನ ಬೆರಳು ಆಗಲೇ ಮುಂದಿನ ಸಾಲಿಗೆ ಹೋಗಿತ್ತು. ಒಳಹೋಗುವ ಗಾಳಿಯ ಬಿಸಿ: 80 ಡಿಗ್ರಿಗಿಂತ ಮೇಲೆ. ಹೊರಗೆ ಮಂಜು ಸುರಿಯುತ್ತಿದೆ, ಜನ ಮಂಕಿ ಕ್ಯಾಪ್ ಹಾಕಿದ್ದಾರೆ. ಹುಡುಗ ಸ್ಕ್ರೂ ಬಿಚ್ಚಿ, ವೈರ್ ಕಳಚದೆ, ಸೆನ್ಸರನ್ನು ಗಾಡಿಯ ಹೊರಗೆ ಮಂಜಿನಲ್ಲಿ ಹಿಡಿದ. ಅಂಕಿ ನಿಧಾನ ಇಳಿಯಿತು, ಮೂವತ್ತರ ಕೆಳಗೂ ಹೋಯಿತು.

ಗುಟ್ಟು ಇಷ್ಟೇ. ಆ ಸೆನ್ಸರಿಗೆ ನಾಲ್ಕು ವೈರ್: ಎರಡು ಅದರ ಕರೆಂಟಿಗೆ, ಒಂದು ಒತ್ತಡಕ್ಕೆ, ಇನ್ನೊಂದು ಬಿಸಿಗೆ. ಒತ್ತಡ ಪೈಪಿನಲ್ಲಿ ಹಾದು ತಲುಪೀತು, ಗಾಳಿಯ ಬಿಸಿ ತಲುಪದು. ತಗಡಿಗೆ ಅಂಟಿ ಕೂತ ಸೆನ್ಸರ್ ಬಾನೆಟ್ಟಿನ ಧಗೆಯನ್ನೇ ಎಂಜಿನ್ ಉಸಿರಾಡುವ ಗಾಳಿ ಎಂದು ವರದಿ ಮಾಡಿತು, ಇಸಿಯು ಅದನ್ನು ನಂಬಿ ಡೀಸೆಲ್ ಕಡಿಮೆ ಮಾಡಿತು. ಸಾಲದ್ದಕ್ಕೆ ಪೈಪ್ ನಡುವೆ ಜೋತುಬಿದ್ದು, ಆ ತಗ್ಗಿನಲ್ಲಿ ಎಣ್ಣೆ ಬೆರೆತ ನೀರು ನಿಂತಿತ್ತು. ಸೆನ್ಸರನ್ನು ಪೈಪಿನ ತುದಿಗೆ ಹಾಕಲೇಬೇಕೆಂದರೆ ಅದರ ಮೂತಿ ಕೆಳಮುಖವಾಗಿ, ತೂತಿಗಿಂತ ಎತ್ತರದಲ್ಲಿ, ಪೈಪ್ ಎಲ್ಲೂ ಬಳುಕದಂತೆ ಹಾಕಬೇಕು. ಟೇಪಿನ ಜೋಡಣೆಗಳ ಬಗ್ಗೆ ಹುಡುಗ ಏನೂ ಅನ್ನಲಿಲ್ಲ. ಸುಮ್ಮನೆ ಎಳೆದ, ಕೈಗೇ ಬಂದವು.

ಸೆನ್ಸರನ್ನು ತೊಳೆದು ಮೊದಲಿನ ಜಾಗದಲ್ಲೇ ಕೂರಿಸಿ, ವೈರುಗಳನ್ನು ಬೆಸುಗೆ ಹಾಕಿ, ಇಸಿಯುನಲ್ಲಿದ್ದ ದೋಷದ ಕೋಡ್ ಅಳಿಸಿದ್ದಾಯಿತು. ಗಾಡಿ ಒಮ್ಮೆ ಹೆದ್ದಾರಿಯಲ್ಲಿ ಸುತ್ತಿ ನೆಟ್ಟಗೆ ಎಳೆದು ಬಂತು. ಎಲ್ಲರೂ ಸೆನ್ಸರಣ್ಣನ ಕಡೆ ನೋಡಿದರು. ಪಾಪ, ತಲೆ ತಗ್ಗಿಸಿಯಾನು ಎಂದು ನಾನೂ ನೋಡಿದೆ.

‘ನಾನ್ ಮೊದ್ಲೇ ಹೇಳ್ಲಿಲ್ವೇನ್ರೋ, ಸೆನ್ಸರ್ ಪ್ರಾಬ್ಲಂ ಅಂತ!’ ಎಂದು ಐಟಿಐ ಹುಡುಗನ ಬೆನ್ನು ತಟ್ಟಿದ. ಆ ಹಿತ್ತಾಳೆ ನಿಪ್ಪಲನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡದ್ದನ್ನು ಗಮನಿಸಿದವರು ತಮ್ಮ ತಮ್ಮ ಗಾಡಿ ಸ್ಟಾರ್ಟ್ ಮಾಡಿಕೊಂಡು ಹೊರಟರು.

ನಿಮ್ಮೂರಿನ ಸ್ಟ್ಯಾಂಡಿನಲ್ಲೂ ಇಂಥವನೊಬ್ಬ ಇದ್ದಾನೆ. ಹಳೇ ಲಾರಿ ಏರ್ ಹಿಡಿದು ನಿಂತರೆ ತಪ್ಪದೆ ಕರೆಯಿರಿ, ನಡುರಾತ್ರಿಯಾದರೂ ಟಾರ್ಚ್ ಹಿಡಿದು ಬರುತ್ತಾನೆ, ಸರಿಮಾಡಿಯೂ ಕೊಡುತ್ತಾನೆ. ಬಿಎಸ್-6 ಗಾಡಿಯಾದರೆ ಮಾತ್ರ, ಬಾನೆಟ್ ಎತ್ತುವ ಮೊದಲು ಅವನ ಒಂದು ಕೈಗೆ ಟೀ, ಇನ್ನೊಂದು ಕೈಗೆ ಬನ್ನು ಕೊಟ್ಟುಬಿಡಿ.