ಚೋರನೂರು ಹೋಬಳಿಯ ಗ್ರೀಷ್ಮಕಾಲೀನ ಹಿತ್ತಲ ಪುಷ್ಪಸಂಕಥನ: ಒಂದು ಬಹುಶಿಸ್ತೀಯ ಅನುಸಂಧಾನ

ಹೂವು ಎಂದರೇನು ಎಂಬ ಪ್ರಶ್ನೆಯನ್ನು ಈ ಪ್ರಬಂಧ ಎತ್ತುವುದಿಲ್ಲ, ಎತ್ತಿದರೆ ಉತ್ತರಿಸಬೇಕಾಗುತ್ತದೆ. ಅದರ ಬದಲು, ಹೂವಿನ ‘ಹೂತನ’ವು ಯಾವ ನೆಲೆಗಳಲ್ಲಿ, ಯಾವ ಪರಿಪ್ರೇಕ್ಷ್ಯದಲ್ಲಿ, ಯಾರ ಯಜಮಾನಿಕೆಯ ಅಡಿಯಲ್ಲಿ ಕಟ್ಟಲ್ಪಡುತ್ತದೆ ಎಂಬುದನ್ನು ಶೋಧಿಸುವುದು ಇದರ ಆಶಯ. ಹೂವನ್ನು ಕಟ್ಟುವುದು ನೆನೆಸಿದ ಬಾಳೆನಾರಿನಿಂದ ಎಂಬ ಜನಸಾಮಾನ್ಯ ಗ್ರಹಿಕೆಯನ್ನು ಸೈದ್ಧಾಂತಿಕ ಕಾರಣಗಳಿಗಾಗಿ ಮೊದಲಿಗೇ ತಳ್ಳಿಹಾಕಲಾಗಿದೆ.

ಅಧ್ಯಯನದ ಕ್ಷೇತ್ರ, ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಚೋರನೂರು. ಊರಿನ ಹೆಸರಿನ ಮೇಲೆ ಜೋಕು ಮಾಡುವವರಿಗೆ ಇಲ್ಲಿ ಸ್ಥಳಾವಕಾಶವಿಲ್ಲ. ಕಾಲವ್ಯಾಪ್ತಿ, ಯುಗಾದಿಯ ಬೇವಿನ ಹೂವಿನಿಂದ ಮುಂಗಾರಿನ ಮೊದಲ ಹನಿಯವರೆಗೆ. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದು 1934ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿ ಹೇಳಿದರೆಂಬುದು ತಾಲ್ಲೂಕಿನ ಸ್ವಾಗತ ಭಾಷಣಗಳಲ್ಲೆಲ್ಲ ಬರುವ ಮಾತು. ಏಪ್ರಿಲಿನ ಬಗ್ಗೆ ಅವರು ಏನೂ ಹೇಳಲಿಲ್ಲ. ಈ ‘ಏಪ್ರಿಲ್ ಮೌನ’ವನ್ನೇ ಒಂದು ಪಠ್ಯವನ್ನಾಗಿ ಓದುವುದು ಪ್ರಸ್ತುತ ಸಂಶೋಧಕನ ವಿನಮ್ರ ಹೆಗ್ಗಳಿಕೆ.

ಪೂರ್ವಸೂರಿಗಳ ಸಮೀಕ್ಷೆ ಮಾಡದೆ ಮುಂದೆ ಹೋಗುವಂತಿಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್, ಪೇಟೆಯಲ್ಲಿ ಎಲ್ಲೆಂದರಲ್ಲಿ ಗುಲಾಬಿ ಮಾರುವುದನ್ನು ಕಂಡು, ಈ ಜನಕ್ಕೆ ಅನ್ನ ಎಷ್ಟು ಅಗತ್ಯವೋ ಗುಲಾಬಿಯೂ ಅಷ್ಟೇ ಅಗತ್ಯವೆಂಬಂತೆ ಬರೆದಿಟ್ಟ. ಪರದೇಶದವನಾದ್ದರಿಂದ ಇದನ್ನು ಒಂದೇ ಮಾತಿನಲ್ಲಿ ಮುಗಿಸಿದ. ನಮ್ಮವರಾಗಿದ್ದರೆ ಎರಡು ದಿನದ ವಿಚಾರ ಸಂಕಿರಣ ಆಗುತ್ತಿತ್ತು. ಇನ್ನು ಹಡಗಲಿಯ ಮಲ್ಲಿಗೆ. ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಆದರೆ 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹಡಗಲಿ ಅತ್ತ ಹೋಗಿ, ಸಂಡೂರು ಬಳ್ಳಾರಿಯಲ್ಲೇ ಉಳಿದದ್ದರಿಂದ ಆ ಮಲ್ಲಿಗೆ ನಮಗೀಗ ಅಂತರಜಿಲ್ಲಾ ಪುಷ್ಪ. ಮುಡಿದುಕೊಳ್ಳುವವರು ಇದನ್ನು ಗಮನಿಸಿದಂತಿಲ್ಲ.

ಅಧ್ಯಯನ ವಿಧಾನ ‘ಸಹಭಾಗಿ ಅವಲೋಕನ’. ಅಂದರೆ ಕಾಂಪೌಂಡಿನ ಮೇಲಿಂದ ಇಣುಕುವುದು.

ಈಗ ವರ್ಗೀಕರಣ. ಹಿತ್ತಲ ಪುಷ್ಪವಾಟಿಕೆಗಳನ್ನು ಧಾರಕಮೂಲ, ಜಲಮೂಲ, ಸ್ವಾಮ್ಯಮೂಲ ಮತ್ತು ಅಧಿಸ್ವಾಮ್ಯಮೂಲ ಎಂದು ನಾಲ್ಕಾಗಿ ವಿಂಗಡಿಸಬಹುದು. ಧಾರಕಮೂಲದಲ್ಲಿ ಒಡೆದ ಪ್ಲಾಸ್ಟಿಕ್ ಕೊಡ, ಏಷ್ಯನ್ ಪೇಂಟ್ಸ್ ಡಬ್ಬಿ, ಎಣ್ಣೆ ಡಬ್ಬಿ, ತೂತುಬಿದ್ದ ಬಕೆಟ್ ಎಂಬ ಉಪವರ್ಗಗಳಿವೆ. ಮಣ್ಣಿನ ಕುಂಡವು ಸರ್ಕಾರಿ ಕಚೇರಿಗಳ ಮುಂದೆ ಮಾತ್ರ ಕಂಡುಬರುವ, ಒಳಗೆ ಗಿಡವಿಲ್ಲದ ಪ್ರಭೇದ. ಜಲಮೂಲದಲ್ಲಿ ಬಚ್ಚಲ ನೀರು, ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು. 40 ಡಿಗ್ರಿ ದಾಟುವ ಬಿಸಿಲಲ್ಲಿ ನಲ್ಲಿ ಯಾವಾಗ ಬರುತ್ತದೋ ಗೊತ್ತಿಲ್ಲದ ಊರಲ್ಲಿ ದಾಸವಾಳ ದಿನವೂ ಹೊಸದಾಗಿ ಅರಳುವುದು ಈ ಮೂರನೇ ಕೈಯ ನೀರಿನಿಂದಲೇ. ಮುಖ ತೊಳೆಯುವವನು ಎಲ್ಲಿ ನಿಂತು ತೊಳೆಯಬೇಕು ಎಂಬುದನ್ನೂ ಮನೆಯ ಹೆಂಗಸು ಗಿಡದ ಲೆಕ್ಕದಲ್ಲೇ ತೀರ್ಮಾನಿಸಿರುತ್ತಾಳೆ. ಸಾರ್ವಜನಿಕ ನೀರು ನಿರ್ವಹಣೆಯ ಮೇಲೆ ನಾನು ಓದಿದ ಯಾವ ವರದಿಯಲ್ಲೂ ಇಷ್ಟು ಬುದ್ಧಿ ಕಂಡಿಲ್ಲ.

ಸ್ವಾಮ್ಯಮೂಲಕ್ಕೆ ಸರ್ವೋಚ್ಚ ನ್ಯಾಯಾಲಯದ ಮಾದರಿಯನ್ನೇ ಅನುಸರಿಸಲಾಗಿದೆ. ಬಳ್ಳಾರಿಯ ಗಣಿಗಾರಿಕೆಯನ್ನು 2011ರ ಜುಲೈನಲ್ಲಿ ನಿಲ್ಲಿಸಿದ ನ್ಯಾಯಾಲಯ, 2013ರ ಏಪ್ರಿಲ್ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ಮೂರು ಮಾಡಿದ್ದನ್ನು ಒಪ್ಪಿತು. ಗಡಿ ಮೀರದಿದ್ದರೆ ಅಥವಾ ಕೊಂಚವೇ ಮೀರಿದ್ದರೆ ಎ. ಅಗೆದ ಗುಂಡಿ ಗಡಿಯಾಚೆ ಶೇ 10ರೊಳಗಿದ್ದರೆ ಬಿ. ಅದನ್ನೂ ಮೀರಿದರೆ ಸಿ, ಗುತ್ತಿಗೆ ರದ್ದು. ಚೋರನೂರಿನ ಮಲ್ಲಿಗೆ ಬಳ್ಳಿಗಳನ್ನು ಈ ಅಳತೆಗೋಲಿನಿಂದ ನೋಡಿದರೆ ಎ ವರ್ಗದ್ದು ಒಂದೂ ಸಿಗುವುದಿಲ್ಲ. ಬಳ್ಳಿ ಎಂದ ಮೇಲೆ ಅದು ಪಕ್ಕದ ಮನೆಯ ಗೋಡೆ ಹತ್ತಲೇಬೇಕು. ಸೂಜಿಮಲ್ಲಿಗೆಯ ಶೇಕಡಾ ಎಂಬತ್ತು ಹೂವು ನೆಟ್ಟವರ ಮನೆಯಾಚೆಯೇ ಬಿಡುವುದರಿಂದ ಅದು ಖಡಾಖಂಡಿತವಾಗಿ ಸಿ. ಕಾಕಡ, ಶಿಸ್ತಿನ ಪೊದೆಯಾದ್ದರಿಂದ ಬಿ. ಕಣಗಲ ಯಾವ ವರ್ಗಕ್ಕೂ ಸೇರದು. ವಿಷದ ಗಿಡವಾದ್ದರಿಂದ ಮೇಕೆಯೂ ಅತಿಕ್ರಮಿಸುವುದಿಲ್ಲ.

ಹೂವಿನ ಅಕ್ರಮ ಸಾಗಾಣಿಕೆಯ ಪ್ರಕರಣಗಳು ಬೆಳಗಿನ ಜಾವ ನಡೆಯುತ್ತವೆ. ಆರೋಪಿ ಸ್ನಾನ ಮುಗಿಸಿ, ಕೈಯಲ್ಲಿ ಸ್ಟೀಲ್ ಬುಟ್ಟಿ ಹಿಡಿದು, ಗೋಡೆಯಾಚೆಯಿಂದ “ದ್ಯಾವ್ರಿಗೆ ಎಲ್ಡು ಹೂ ಹರಕಂತೀನಬೇ” ಎನ್ನುತ್ತಾಳೆ. ಪರವಾನಗಿ “ಹರಕಳವ್ವ, ಮೊಗ್ಗು ಬಿಡು” ಎಂಬ ಷರತ್ತಿನ ಮೇಲೆ ಬಾಯಿಮಾತಿನಲ್ಲೇ ಮಂಜೂರಾಗುತ್ತದೆ. ಮೊಗ್ಗು ಬಿಟ್ಟಿದ್ದಾಳೋ ಇಲ್ಲವೋ ಎಂಬ ಮೇಲ್ವಿಚಾರಣೆ ಅಡುಗೆಮನೆಯ ಕಿಟಕಿಯಿಂದ. ರಾಜಧನವಾಗಿ ಸಂಜೆ ಒಂದು ಮೊಳ ಕಟ್ಟಿದ ಮಾಲೆ ವಾಪಸು ಬರುತ್ತದೆ.

ಅಧಿಸ್ವಾಮ್ಯಮೂಲ ಎಂಬ ನಾಲ್ಕನೆಯ ವರ್ಗವೂ ಇತ್ತು. ಅದು ಏನೆಂದು ನನಗೂ ಸರಿಯಾಗಿ ತಿಳಿಯಲಿಲ್ಲ. ಬಿಡಿ.

ಈ ಭಾಷೆಯನ್ನು ನಾನು ಕಲಿತದ್ದು ಒಂದು ವಿಚಾರ ಸಂಕಿರಣದಲ್ಲಿ. ಏಪ್ರಿಲ್ ತಿಂಗಳು, ಕಿಟಕಿ ಮುಚ್ಚಿದ ಎಸಿ ಸಭಾಂಗಣ, ವಿಷಯ ಸ್ಥಳೀಯ ಸಸ್ಯಜ್ಞಾನದ ಮರುಓದು. ಅತಿಥಿಗಳಿಗೆ ಕೊಟ್ಟದ್ದು ಪ್ಲಾಸ್ಟಿಕ್ ಹಾಳೆ ಸುತ್ತಿದ ಜರ್ಬೆರಾ. ಹೊರಗೆ, ಕಾರು ನಿಲ್ಲಿಸುವಲ್ಲಿ, ಎಲೆ ಉದುರಿಸಿಕೊಂಡು ಮೈತುಂಬ ಹಳದಿಯಾದ ಕಕ್ಕೆ ಮರವಿತ್ತು. ಊಟದ ಹೊತ್ತಿಗೆ ಪ್ರಬಂಧ ಮಂಡಿಸಿದವರೊಬ್ಬರು ಅದು ಯಾವ ಮರ ಎಂದು ಡ್ರೈವರನ್ನು ಕೇಳಿದರು. ಡ್ರೈವರ್ ಹೇಳಿದ. ಅವರು ಬರೆದುಕೊಂಡರು. ಮುಂದಿನ ವರ್ಷದ ಪ್ರಬಂಧದಲ್ಲಿ ಆ ಡ್ರೈವರ್ ‘ಮೌಖಿಕ ಆಕರ’ ಆಗಿರುತ್ತಾನೆ.

ಇದಾದರೂ ನಕ್ಕು ಮರೆಯುವಂಥದ್ದು. ಅದಕ್ಕಿಂತ ಕೆಟ್ಟದ್ದು ಪರಿಸರ ವರದಿಗಳ ಭಾಷೆ. ಗಣಿಯ ಗುತ್ತಿಗೆ ಗಡಿಯ ಗುಂಟ ಏಳೂವರೆ ಮೀಟರ್ ಅಗಲದ ಹಸಿರು ಪಟ್ಟಿ, ‘ಧೂಳು ನಿಗ್ರಹ ಕ್ರಮ’, ‘ಪರಿಣಾಮ ನಗಣ್ಯ’. ಒಮ್ಮೆ ಒಂದು ಅಹವಾಲು ಸಭೆಯಲ್ಲಿ ಅಂಥ ವರದಿ ಕೈಗೆ ಬಂತು. ಸುತ್ತಲ ಸಸ್ಯಗಳ ಪಟ್ಟಿಯಲ್ಲಿ ಮಲ್ಲಿಗೆ ಇರಲಿಲ್ಲ, ದಾಸವಾಳ ಇರಲಿಲ್ಲ, ಊರೇ ಇರಲಿಲ್ಲ. ನಗಣ್ಯ! 2008ರ ಬೀಜಿಂಗ್ ಒಲಿಂಪಿಕ್ಸ್ ಹೊತ್ತಿಗೆ ಚೀನಾಕ್ಕೆ ಅದಿರು ಹೊತ್ತ ಲಾರಿಗಳು ಓಡಿದ ದಾರಿಬದಿಯ ಹಳ್ಳಿಗಳಲ್ಲಿ ಬೇಲಿಯ ಗಿಡಗಳೆಲ್ಲ ಒಂದೇ ಬಣ್ಣ ಆಗಿದ್ದವು. ನಂದಿಬಟ್ಟಲು ಬಿಳಿ ಹೂವು ಎಂದು ಅಲ್ಲಿನ ಮಕ್ಕಳಿಗೆ ಹೇಳಿದರೆ ನಂಬುತ್ತಿದ್ದವೋ ಇಲ್ಲವೋ. ಕೆಂಧೂಳು ಎಲೆಯ ಮೇಲೆ ಕೂತರೆ ಪತ್ರರಂಧ್ರ ಮುಚ್ಚುತ್ತದೆ, ಬೆಳಕು ಒಳಕ್ಕಿಳಿಯುವುದಿಲ್ಲ, ಗಿಡ ಸೊರಗುತ್ತದೆ, ಮೊಗ್ಗು ಹಿಡಿಯುವುದಿಲ್ಲ. ಇದನ್ನು ತಿಳಿಯಲು ಪಿಎಚ್.ಡಿ ಬೇಡ, ಸೀರೆಯ ಸೆರಗಿನಿಂದ ಎಲೆ ಒರೆಸಿದವಳಿಗೆ ಗೊತ್ತು. ಬೆಟ್ಟ ಹೋಯಿತು ಎಂದು ಅತ್ತವರ ಮಾತನ್ನು ವರದಿಗಳು ‘ಭಾವನಾತ್ಮಕ ಪ್ರತಿಕ್ರಿಯೆ’ ಎಂದು ಬರೆದವು. ಬೆಟ್ಟದ ಮೇಲೆ 12 ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿಯಿದೆ. ಎರಡು ಹೂವಿನ ನಡುವೆ ಎಷ್ಟು ಸರ್ಕಾರಗಳು ಬಂದು ಹೋದವು, ಎಷ್ಟು ಶಿಖರ ಲಾರಿ ಹತ್ತಿದವು!

ಕ್ಷಮಿಸಿ, ಮಂಡನೆ ಶಿಸ್ತು ತಪ್ಪಿತು.

ಆದರೂ ದುಂಡುಮಲ್ಲಿಗೆಯ ವಿಷಯ ಹೇಳಿಬಿಡುತ್ತೇನೆ, ಅಣಕವಿಲ್ಲದೆ. ನವೆಂಬರ್ ಕೊನೆಗೆ ನೀರು ನಿಲ್ಲಿಸಿ, ರೆಂಬೆ ಸವರಿ, ಎಲೆ ಉದುರಿಸಿ ಗಿಡವನ್ನು ಹಸಿಯಲು ಬಿಡುತ್ತಾರೆ. ನೋಡಿದವರು ಒಣಗಿಹೋಯಿತು ಅಂದುಕೊಳ್ಳಬೇಕು, ಅಷ್ಟು. ಆಮೇಲೆ ಗೊಬ್ಬರ, ನೀರು. ಮಾರ್ಚಿನಲ್ಲಿ ಚಿಗುರಿನ ತುದಿಗೆ ಮೊಗ್ಗು. ನೆಲ ಕಾದಷ್ಟೂ ಅದಕ್ಕೆ ಹುಮ್ಮಸ್ಸು. ಸಂಜೆ ಬಿಸಿಲಿಳಿದ ಮೇಲೆ ಕಟ್ಟೆಯ ಮೇಲೆ ಕೂತು, ಊರಿನ ಸಂಸಾರಗಳನ್ನೆಲ್ಲ ಇತ್ಯರ್ಥ ಮಾಡುತ್ತ ಕಟ್ಟಿದ ಮಾಲೆಯಲ್ಲಿ ಮೊಗ್ಗುಗಳು ಕತ್ತಲಾದ ಮೇಲೆ ಒಂದೊಂದಾಗಿ ಬಿಚ್ಚುತ್ತವೆ. ಕರೆಂಟ್ ಹೋಗಿ ಫ್ಯಾನು ನಿಂತ ರಾತ್ರಿ ಅಂಗಳದಲ್ಲಿ ಚಾಪೆ ಹಾಸಿದವರಿಗೆ ಆ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಹೇಳಬೇಕಿಲ್ಲ. ಬಿರುಬೇಸಿಗೆಯಲ್ಲಿ ಈ ಸೀಮೆಯಲ್ಲಿ ಬದುಕುವುದಕ್ಕೆ ಸಿಗುವ ಏಕೈಕ ಭತ್ಯೆ ಅದು.

ಕೊನೆಯದಾಗಿ ಶಿಫಾರಸು. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಕೂಡಿಟ್ಟ ಹಣ ಸಾವಿರಾರು ಕೋಟಿ ಇದೆ. ಅದಕ್ಕೊಂದು ನಿಗಮವೂ ಇದೆ. ರಸ್ತೆಬದಿಯ ಮನೆಗಳಲ್ಲಿ ಮಲ್ಲಿಗೆ ಎಲೆಯ ಧೂಳು ತೊಳೆಯಲು ದಿನಕ್ಕೆ ಎರಡು ಕೊಡ ನೀರು ಬೇಕು. ಅದು ಯಾವ ಲೆಕ್ಕಶೀರ್ಷಿಕೆಯಡಿ ಬರುತ್ತದೆಂದು ತಿಳಿಸಿದರೆ ನಾಡಕಚೇರಿಗೆ ಮೂರು ಪ್ರತಿಯಲ್ಲಿ ಅರ್ಜಿ ಕೊಡಲು ಜನ ಸಿದ್ಧರಿದ್ದಾರೆ. ಪಾಸ್‌ಪೋರ್ಟ್ ಅಳತೆಯ ಫೋಟೊ ಗಿಡದ್ದು ಅಂಟಿಸಬೇಕೋ ನೀರು ಹಾಕುವವಳದ್ದೋ ಎಂಬುದೊಂದು ಸ್ಪಷ್ಟವಾಗಬೇಕು.